ಡಬ್ಲಿನ್ ಅಜ್ಜಿಯ ಬಿಸ್ಕೆಟ್ ಡಬ್ಬದಲ್ಲಿ ಹಳೇ ನಾಟಕದ ಪ್ರೋಗ್ರಾಂಗಳು: ಏನು ಮಾಡಲಿ?

ಡಬ್ಲಿನ್‌ವಾಸಿ:
ನಮಸ್ಕಾರ ಎಲ್ಲರಿಗೂ. ಪಕ್ಕದ ಮನೆಯ ಐರಿಷ್ ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಮಗಳು, ನನಗೆ ನಾಟಕದ ಹುಚ್ಚು ಇದೆ ಅಂತ ಗೊತ್ತಿದ್ದರಿಂದ, ಒಂದು ಬಿಸ್ಕೆಟ್ ಡಬ್ಬ ಕೈಗಿಟ್ಟರು. ಒಳಗೆ ನಲವತ್ತಕ್ಕೂ ಜಾಸ್ತಿ ಪ್ರೋಗ್ರಾಂಗಳಿವೆ, ಅಂದರೆ ಪ್ರದರ್ಶನದ ದಿನ ಕೊಡುವ ಅಚ್ಚಾದ ಹಾಳೆ, ಪುಸ್ತಿಕೆಗಳು. ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರ ಅಬ್ಬೆ ಥಿಯೇಟರಿನವು, ಗೇಟ್ ಥಿಯೇಟರಿನವು, 1932ರ ಯೂಕರಿಸ್ಟಿಕ್ ಕಾಂಗ್ರೆಸ್ ಅನ್ನುವ ಕ್ಯಾಥೊಲಿಕರ ದೊಡ್ಡ ಸಮ್ಮೇಳನದ ಪುಸ್ತಿಕೆ ಒಂದು. ಉಳಿದದ್ದೆಲ್ಲ ಚರ್ಚ್ ಹಾಲಿನ ಸಂಗೀತ ಸಂಜೆ, ಕುಣಿತ, ಇಸ್ಪೀಟು ಕೂಟದ ಒಂಟಿ ಹಾಳೆಗಳು. ಪಿನ್ನುಗಳು ತುಕ್ಕು ಹಿಡಿದಿವೆ. ಕ್ವೀನ್ಸ್ ಥಿಯೇಟರಿನಲ್ಲಿ ಅಬ್ಬೆ ತಂಡ ಆಡಿದ ಒಂದರಲ್ಲಿ 'ಸೋಮವಾರ, ಮಾರ್ಚ್ 9' ಅಂತ ಮಾತ್ರ ಇದೆ, ಇಸವಿನೇ ಇಲ್ಲ. ಲ್ಯಾಮಿನೇಟ್ ಮಾಡಿಸಲಾ? ಚರ್ಚಿನ ಹಾಳೆಗಳನ್ನು ಇಟ್ಟುಕೊಳ್ಳಬೇಕಾ?

ಹಳೇಕಾಗದ:
ಲ್ಯಾಮಿನೇಟ್ ಮಾತ್ರ ಬೇಡ, ದಯವಿಟ್ಟು. ಒಮ್ಮೆ ಮಾಡಿಸಿದರೆ ಕಾಗದವನ್ನು ಬಿಡಿಸಿ ತೆಗೆಯಲು ಆಗಲ್ಲ. ಸೆಲ್ಲೋಟೇಪೂ ಬೇಡ. ಪಿನ್ನನ್ನು ಎಳೆಯಬೇಡಿ, ಹಿಂಬದಿಯ ಕಾಲುಗಳನ್ನು ಮೆಲ್ಲಗೆ ಬಿಚ್ಚಿ ತೆಗೆಯಿರಿ. ಆಮ್ಲವಿಲ್ಲದ ಕಾಗದದ ಮಡಿಕೆಯಲ್ಲಿಡಿ. ಡಬ್ಬದಲ್ಲಿದ್ದ ಕ್ರಮದಲ್ಲೇ ಒಂದು ಫೋಟೋ ತೆಗೆದುಕೊಳ್ಳಿ.

ಇಸವಿಗೆ ಬರೋಣ. 1951ರ ಜುಲೈಯಲ್ಲಿ ಅಬ್ಬೆ ಸುಟ್ಟುಹೋಯಿತು, 1966ರ ಜುಲೈ 18ರಂದು ಹೊಸ ಕಟ್ಟಡ ತೆರೆಯುವವರೆಗೂ ತಂಡ ಕ್ವೀನ್ಸ್‌ನಲ್ಲೇ ಇತ್ತು. ಆ ಅವಧಿಯಲ್ಲಿ ಮಾರ್ಚ್ 9 ಸೋಮವಾರ ಬಂದದ್ದು ಮೂರೇ ಸಲ: 1953, 1959, 1964. ಈಗ ನಾಟಕದ ಹೆಸರನ್ನು ಅಬ್ಬೆಯ ಆನ್‌ಲೈನ್ ದಾಖಲೆಯಲ್ಲಿ ಹುಡುಕಿ. ನಟರ ಹೆಸರಿನಿಂದ ಹುಡುಕುವುದಾದರೆ ಒಂದು ಎಚ್ಚರ, ಆಗ ಪ್ರೋಗ್ರಾಂನಲ್ಲಿ ಹೆಸರುಗಳನ್ನು ಐರಿಷ್ ಭಾಷೆಯ ರೂಪದಲ್ಲೇ ಅಚ್ಚು ಹಾಕುತ್ತಿದ್ದರು. ನಟ ಫಿಲಿಪ್ ಓಫ್ಲಿನ್ ಅಲ್ಲಿ ಪಿಲಿಬ್ ಓ ಫ್ಲಿನ್ ಆಗಿರುತ್ತಾರೆ.

ಚರ್ಚಿನ ಹಾಳೆಗಳನ್ನು ಖಂಡಿತ ಇಟ್ಟುಕೊಳ್ಳಿ. ಅಬ್ಬೆಯ ಪ್ರೋಗ್ರಾಂಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಒಂದು ಚರ್ಚ್ ಹಾಲಿನಲ್ಲಿ ಯಾರು ಹಾಡಿದರು, ಯಾವ ಅಂಗಡಿಯವರು ಜಾಹೀರಾತು ಕೊಟ್ಟರು ಅನ್ನುವುದು ಆ ಒಂದು ಹಾಳೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದಿರಬಹುದು. ಅವನ್ನು ಬೇರೆ ಮಾಡಲೂಬೇಡಿ. ನಾಟಕ ಬೇರೆ, ಚರ್ಚ್ ಬೇರೆ ಅಂತ ಆ ಊರಿನವರು ಬದುಕಿರಲಿಲ್ಲ. ಮುಂದೆ ಅಬ್ಬೆ ಸ್ಥಾಪಿಸಿದ ಯೇಟ್ಸ್ ಮತ್ತು ಲೇಡಿ ಗ್ರೆಗರಿ ಬರೆದ ನಾಟಕ 'ಕ್ಯಾಥ್ಲೀನ್ ನಿ ಹೂಲಿಹನ್' 1902ರ ಏಪ್ರಿಲ್‌ನಲ್ಲಿ ಮೊದಲು ಆಡಿದ್ದು ಸೇಂಟ್ ತೆರೇಸಾ ಹಾಲಿನಲ್ಲಿ, ಕ್ಯಾಥೊಲಿಕರ ಪಾನನಿರೋಧ ಸಂಘದ ಜಾಗ ಅದು!

ಮೈಸೂರಿನವ:
ಅದೇ ವರ್ಷ, 'ಕ್ಯಾಥ್ಲೀನ್' ಆಡಿದ ತಂಡವೇ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ನಾಟಕವನ್ನೂ ಆಡಿತ್ತು. ನಮ್ಮ ಜಗನ್ಮೋಹನ ಅರಮನೆಯಲ್ಲಿ 1924ರಲ್ಲಿ ಚಿತ್ರಶಾಲೆ ಶುರುವಾಗಲು ನೆರವಾದವರೂ ಅವರೇ. ಪ್ರೋಗ್ರಾಂಗಳಲ್ಲಿ ಅವರ ಹೆಸರು ಕಂಡರೆ ಒಂದು ಫೋಟೋ ಹಾಕಿ, ನಾವೂ ನೋಡುತ್ತೇವೆ.

ಡಬ್ಲಿನ್‌ವಾಸಿ:
ತುಂಬಾ ಥ್ಯಾಂಕ್ಸ್. ಈಗಷ್ಟೇ ಆ ಮಾರ್ಚ್ 9ರದ್ದನ್ನು ತಿರುಗಿಸಿದೆ. ಹಿಂದೆ ಪೆನ್ಸಿಲ್‌ನಲ್ಲಿ 'ಅಮ್ಮನ ಜೊತೆ, ದಾರಿಯೆಲ್ಲ ಮಳೆ' ಅಂತ ಇಂಗ್ಲಿಷಿನಲ್ಲಿ ಬರೆದಿದೆ, ಅಕ್ಷರ ಅಜ್ಜಿಯದೇ. ಇದನ್ನು ಕೊಡುವುದಾದರೆ ಎಲ್ಲಿ ಕೊಡಲಿ?

ಹಳೇಕಾಗದ:
ಮೊದಲು ಅವರ ಮಗಳಿಗೆ ಆ ಸಾಲು ತೋರಿಸಿ. ಅವರು ಒಪ್ಪಿದರೆ ಪಿಯರ್ಸ್ ಸ್ಟ್ರೀಟಿನ ಸಿಟಿ ಲೈಬ್ರರಿ ಅಂಡ್ ಆರ್ಕೈವ್‌ಗೆ ಮೊದಲು ಮೇಲ್ ಮಾಡಿ, ಐರಿಷ್ ಥಿಯೇಟರ್ ಆರ್ಕೈವ್ ಇರುವುದು ಅಲ್ಲೇ. ಕ್ವೀನ್ಸ್ ಥಿಯೇಟರ್ ಇದ್ದದ್ದೂ ಅದೇ ಬೀದಿಯಲ್ಲಿ.