ಸಾಲಿಡ್ ಸರ್ಫೇಸ್ ಕೌಂಟರ್: ಹಾಬ್ ಕಿಂಡಿಯ ಮೂಲೆಯಲ್ಲಿ ಬಿರುಕು

ಪ್ರಶ್ನೆ:
ಅಡುಗೆಮನೆ ಕೌಂಟರಿಗೆ 12 ಮಿ.ಮೀ. ಸಾಲಿಡ್ ಸರ್ಫೇಸ್, ಅಂದರೆ ಅಕ್ರಿಲಿಕ್‌ಗೆ ಖನಿಜ ಪುಡಿ ಬೆರೆಸಿ ಮಾಡಿದ ಶೀಟು. ಹಾಬ್ (ಕೌಂಟರಿನೊಳಗೆ ಕೂರಿಸುವ ಒಲೆ) ಕಿಂಡಿ ಕೊರೆದದ್ದು ಜಿಗ್‌ಸಾದಲ್ಲಿ (ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ), ಮೂಲೆಗಳು ನೇರ 90 ಡಿಗ್ರಿ. ಎರಡೇ ತಿಂಗಳಿಗೆ ಹಿಂಬದಿ ಮೂಲೆಯಿಂದ ಗೋಡೆ ಕಡೆಗೆ ಕೂದಲೆಳೆಯಂಥ ಬಿರುಕು, ಈಗ 40 ಮಿ.ಮೀ. ಸೂಪರ್ ಗ್ಲೂ ತುಂಬಿದರೆ ನಿಲ್ಲುತ್ತಾ?

ಉತ್ತರ 1:
ನಿಲ್ಲಲ್ಲ ಸರ್. ಬೆರಳಿನಿಂದ ಕಿಂಡಿಯ ಅಂಚು ಸವರಿ ನೋಡಿ, ಗರಗಸದ ಹಲ್ಲಿನಂತೆ ತರಿತರಿ ಸಿಗುತ್ತದೆ. ಒಂದೊಂದು ತರಿಯೂ ಬಿರುಕಿಗೆ ಬಾಗಿಲು. ಒಲೆಯ ಬಿಸಿಗೆ ಶೀಟು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಆ ಎಳೆತವೆಲ್ಲ ಚೂಪು ಮೂಲೆಗೇ ಬಂದು ಸೇರುತ್ತದೆ. 2.5 ಮೀಟರ್ ಉದ್ದದ ಕೌಂಟರು 30 ಡಿಗ್ರಿ ಬಿಸಿಯಾದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಗೋಡೆಗೆ ಒತ್ತಿ ಕೂರಿಸಿದ್ದರೆ ಇನ್ನೂ ಕಷ್ಟ, 3 ಮಿ.ಮೀ. ಸಂದು ಬಿಡಲೇಬೇಕು.

ಕಿಂಡಿಗೆ ರೌಟರೇ (ತಿರುಗುವ ಬಿಟ್‌ನಿಂದ ಕೊರೆಯುವ ಯಂತ್ರ) ಸರಿ. 12 ಮಿ.ಮೀ. ಕಾರ್ಬೈಡ್ ನೇರ ಬಿಟ್ ಹಾಕಿದರೆ ಮೂಲೆ ತಾನಾಗಿ 6 ಮಿ.ಮೀ. ತ್ರಿಜ್ಯಕ್ಕೆ ದುಂಡಾಗುತ್ತದೆ. ಟೆಂಪ್ಲೇಟ್ (ರೌಟರಿಗೆ ದಾರಿ ತೋರುವ ಅಚ್ಚು ಹಲಗೆ) ಬಿಗಿದು, ಒಂದು ಸುತ್ತಿಗೆ 6 ಮಿ.ಮೀ.ನಂತೆ ಎರಡು ಸುತ್ತು, ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ. ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿದೆ, ಇಲ್ಲವೇ ಕೈ ನಿಧಾನವಾಗಿದೆ. ನಡುವಿನ ತುಂಡಿಗೆ ಕೆಳಗಿನಿಂದ ಆಧಾರ ಕೊಡಿ. ಕೊನೆಯಲ್ಲಿ ಅದು ಜೋತುಬಿದ್ದರೆ ಮೂಲೆಯನ್ನೇ ಮುರಿದುಕೊಂಡು ಬೀಳುತ್ತದೆ. ಆಮೇಲೆ ಮೇಲಿನ, ಕೆಳಗಿನ ಅಂಚುಗಳ ಚೂಪು ತೆಗೆದು 120, 220 ನಂಬರಿನ ಉಜ್ಜುಕಾಗದದಲ್ಲಿ ಉಜ್ಜಿ. ಧೂಳು ಹಿಟ್ಟಿನಷ್ಟು ನುಣುಪು, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ.

ಪ್ರಶ್ನೆ:
ಇಡೀ ಶೀಟು ಬದಲಿಸದೆ ಉಳಿಸಿಕೊಳ್ಳಬಹುದಾ?

ಉತ್ತರ 2:
ಬಹುದು. ಮೊದಲು ಗ್ಯಾಸ್, ಕರೆಂಟ್ ಬಂದ್ ಮಾಡಿ ಹಾಬ್ ತೆಗೆಯಿರಿ. ಬಿರುಕು ಪೂರ್ತಿ ಒಳಗೊಳ್ಳುವಂತೆ ಆ ಮೂಲೆಯ ಭಾಗವನ್ನು ಟೆಂಪ್ಲೇಟ್ ಇಟ್ಟು ರೌಟರ್‌ನಲ್ಲಿ ತೆಗೆದು, ಅದೇ ಬ್ಯಾಚಿನ ಶೀಟಿನ ತುಂಡು ಕೂರಿಸಿ. ಬೇರೆ ಬ್ಯಾಚಾದರೆ ಬಣ್ಣ ಎದ್ದು ಕಾಣುತ್ತದೆ. ಜೋಡಣೆಯ ಗೆರೆ ಕಿಂಡಿಯ ಮೂಲೆಯಿಂದ 75 ಮಿ.ಮೀ. ಆದರೂ ದೂರ ಇರಲಿ. ಸ್ಪಿರಿಟ್‌ನಲ್ಲಿ ಒರೆಸಿ, ಅದೇ ಬಣ್ಣದ, ಎರಡು ಭಾಗ ಬೆರೆಸಿ ಬಳಸುವ ಅಕ್ರಿಲಿಕ್ ಅಂಟು ಹಾಕಿ. ಕ್ಲಾಂಪ್ ಹದವಾಗಿರಲಿ, ಬಿಗಿ ಜಾಸ್ತಿಯಾದರೆ ಅಂಟೆಲ್ಲ ಹೊರಬಂದು ಗೆರೆ ಬರಿದಾಗುತ್ತದೆ. ಗಟ್ಟಿಯಾದ ಮೇಲೆ ಕಿಂಡಿಯ ಮೂಲೆಯನ್ನು ದುಂಡಾಗಿಯೇ ಮತ್ತೆ ಕೊರೆದು, ಕೆಳಗಿನಿಂದ ನಾಲ್ಕೂ ಮೂಲೆಗೆ ಅದೇ ಶೀಟಿನ ತುಂಡು ಅಂಟಿಸಿ. ಅಂಚಿನ ಸುತ್ತ ಅಲ್ಯೂಮಿನಿಯಂ ಟೇಪ್ ಸುತ್ತಿ, ಹಾಬಿನ ಮೈಗೂ ಕಿಂಡಿಗೂ ಎಲ್ಲ ಕಡೆ 3 ಮಿ.ಮೀ. ಬಿಡಿ.

ಸೀಮ್ (ಜೋಡಣೆ) ಹಾಕುವಾಗ ಗೆರೆಯುದ್ದಕ್ಕೂ ಅಂಟು ಮಣಿಯಂತೆ ಉಬ್ಬಿ ಬರಬೇಕು. ಎಲ್ಲಾದರೂ ಬರದಿದ್ದರೆ ಅಲ್ಲಿ ಅಂಟು ಸಾಲದು, ಗಟ್ಟಿಯಾಗುವ ಮೊದಲೇ ಬಿಚ್ಚಿ ಇನ್ನಷ್ಟು ಹಾಕಿ.