ಆಲ್ಗಾಲ್ ಮಂಕಾಗೋದನ್ನ ಅಳೆದೆ, ಇದರಿಂದ ತೂಕಾನೂ ಗೊತ್ತಾಗುತ್ತಾ?

ಡೊಂಬಿವಲಿ_ತಾರಸಿ:
ನಮಸ್ಕಾರ. ಮಳೆಗಾಲ ಮುಗಿದ್ಮೇಲೆ ನಮ್ಮ ಬಿಲ್ಡಿಂಗ್ ತಾರಸಿ ಮೇಲೆ ಟ್ರೈಪಾಡ್ ಇಟ್ಟು 50 ಎಂಎಂ ಲೆನ್ಸಲ್ಲಿ ಹತ್ತು ನಿಮಿಷಕ್ಕೊಂದು ಆಲ್ಗಾಲ್ ಫೋಟೋ ತೆಗೀತಾ ಇದೀನಿ (ಪರ್ಸಿಯಸ್ ನಕ್ಷತ್ರಪುಂಜದ್ದು, ಒಂದೇ ಚುಕ್ಕಿಯಾಗಿ ಕಂಡ್ರೂ ಒಂದನ್ನೊಂದು ಸುತ್ತೋ ಜೋಡಿ ನಕ್ಷತ್ರ). ಮೊನ್ನೆ ರಾತ್ರಿ ಒಂಬತ್ತಕ್ಕೆ ಎಂದಿನ ಹಾಗೇ ಇತ್ತು, ಒಂದೂವರೆ ಹೊತ್ತಿಗೆ ಪಕ್ಕದ ರೋ ಪರ್ಸಿಯೈ ಅನ್ನೋ ನಕ್ಷತ್ರಕ್ಕೂ ಇದಕ್ಕೂ ವ್ಯತ್ಯಾಸಾನೇ ಗೊತ್ತಾಗ್ತಿರ್ಲಿಲ್ಲ, ಮೈ ಜುಮ್ಮಂತು! ರೋನೇ ಹೋಲಿಕೆಗೆ ಇಟ್ಕೊಂಡು ಗ್ರಾಫ್ ಹಾಕಿದೀನಿ. ಆದ್ರೆ ಎರಡು ನಕ್ಷತ್ರ ಒಂದನ್ನೊಂದು ಮರೆ ಮಾಡ್ತವೆ ಅಂದ್ಮೇಲೆ ಒಂದು ಸುತ್ತಲ್ಲಿ ಎರಡು ಸಲ ಮಂಕಾಗ್ಬೇಕಲ್ವಾ, ಇನ್ನೊಂದು ನನ್ನ ಗ್ರಾಫಲ್ಲಿ ಇಲ್ಲವೇ ಇಲ್ಲ. ಮತ್ತೆ ಇದರಿಂದ ಅವುಗಳ ಗಾತ್ರ, ತೂಕ ತೆಗೀಬಹುದಾ?

ಕೋಥ್ರೂಡ್_ಧಾರವಾಡ:
ಭಾಳ ಛಲೋ ಕೆಲಸ ಮಾಡೀರಿ. ಎರಡನೇದೂ ಅದ ರೀ, ಆದ್ರ ಒಂದು ಮ್ಯಾಗ್ನಿಟ್ಯೂಡಿನ (ನಕ್ಷತ್ರದ ಹೊಳಪಿನ ಅಳತಿ, ಅಂಕಿ ಹೆಚ್ಚಾದಷ್ಟು ಮಂದ) ಹತ್ತನೇ ಒಂದು ಪಾಲೂ ಇಲ್ಲ. ಅಲ್ಲಿ ಒಂದು ಬಿಸಿ ನಕ್ಷತ್ರ, ಇನ್ನೊಂದು ಅದಕ್ಕಿಂತ ದೊಡ್ಡದು ಆದ್ರ ತಣ್ಣಗಿಂದು. ತಣ್ಣಗಿಂದು ಮುಂದ ಬಂದಾಗ 2.1 ಇದ್ದದ್ದು 3.4ಕ್ಕ ಇಳೀತದ, ಅಂದ್ರ ಬೆಳಕು ಶೇಕಡಾ 30ರಷ್ಟ ಉಳೀತದ. ಬಿಸಿದು ಮುಂದ ಬಂದಾಗ ಮರಿ ಆಗೂದು ಮೊದಲ ಮಂದ ಇರೋ ಮೈ, ಹಿಂಗಾಗಿ ಕಾಣೂದಿಲ್ಲ.

ಗಾತ್ರಾ ಅಂದ್ರ, ಸುತ್ತು 2 ದಿನ 20 ಗಂಟೆ 49 ನಿಮಿಷ, ಗ್ರಹಣ ಸುಮಾರು 10 ಗಂಟೆ, ಇದರಿಂದ ಎರಡರ ನಡುವಿನ ಅಂತರಕ್ಕ ಹೋಲಿಸಿ ಅವು ಎಷ್ಟು ದೊಡ್ಡವು ಅಂತ ಬರ್ತದ, ಕಿಲೋಮೀಟರಿನ್ಯಾಗ ಅಲ್ಲ. ಗ್ರಾಫಿನ ತಳ ಚೂಪ್ ಬಂದಿದ್ರ ಪೂರ್ತಿ ಮುಚ್ಚಿಲ್ಲ ಅಂತ ಅರ್ಥ. ತೂಕ ಮಾತ್ರ ಬೆಳಕಿನ ಏರಿಳಿತದಿಂದ ಬರೂದಿಲ್ಲ ರೀ, ಅದಕ್ಕ ರೋಹಿತದಾಗ (ಬೆಳಕನ್ನ ಬಣ್ಣ ಬಣ್ಣ ಬಿಡಿಸಿದ ಪಟ್ಟಿಯೊಳಗ) ಗೆರೆಗಳು ಆ ಕಡೆ ಈ ಕಡೆ ಸರಿಯೂದು ನೋಡಿ ವೇಗ ತಗೀಬೇಕು. ಹಂಗ ತಗದದ್ದ, ಬಿಸಿದು ಸೂರ್ಯನ 3.2 ಪಟ್ಟು, ತಣ್ಣಗಿಂದು 0.7 ಪಟ್ಟು. ಹಗುರಾಗಿರೋದ ಮೊದಲು ಮುದಿ ಆಗಿ ಉಬ್ಬೇದ ನೋಡ್ರಿ, ಭಾರದ್ದು ಮೊದಲು ಮುದಿ ಆಗಬೇಕಿತ್ತು. ಯಾಕಂದ್ರ ಈ ಹಗುರಾಗಿರೋದು ಹಿಂದ ಭಾರ ಇತ್ತು, ತನ್ನ ದ್ರವ್ಯ ಜೋಡಿಗೆ ಸುರದದ. ನನಗ ಇದ ಆಲ್ಗಾಲಿನ ಖರೇ ಕತಿ.

ಮಡಗಾಂವ್_ಮಂಗಳೂರು:
ಒಂದು ವಿಷ್ಯ, ರೋ ಪರ್ಸಿಯೈ ತಾನೇ ಏರಿಳಿಯುವ ನಕ್ಷತ್ರ ಮಾರಾಯ್ರೆ, 3.3ರಿಂದ 4.0ರವರೆಗೆ ಬದಲಾಗ್ತದೆ, ಅದಕ್ಕೆ ಹೋಲಿಸಿದ್ರೆ ಅಳತೆಯೇ ಅಲುಗಾಡ್ತದೆ. ಅದೇ ಪುಂಜದ ಡೆಲ್ಟಾ 3.0, ಕಪ್ಪಾ 3.8, ಈ ಎರಡು ನಕ್ಷತ್ರಗಳನ್ನ ತಗೊಳ್ಳಿ. ಜೆಪೆಗ್ ಬೇಡ, ರಾ ಫೈಲಲ್ಲಿ (ಕ್ಯಾಮೆರಾ ಹಿಡಿದದ್ದು ಹಾಗೇ ಉಳಿಯುವ ಫೈಲು) ಹಸಿರು ಚಾನೆಲ್ ಮಾತ್ರ ಅಳೆಯಿರಿ, ಫೋಕಸ್ ಸ್ವಲ್ಪ ತಪ್ಪಿಸಿ ಚುಕ್ಕಿ ಸಣ್ಣ ಉಂಡೆಯಾಗಿ ಬರ್ಲಿ, ಇಲ್ಲಾಂದ್ರೆ ನಡುವಿನ ಪಿಕ್ಸೆಲ್ ತುಂಬಿ ಹೋಗ್ತದೆ.

ಡೊಂಬಿವಲಿ_ತಾರಸಿ:
ಅಯ್ಯೋ, ರೋ ಬಗ್ಗೆ ಗೊತ್ತೇ ಇರ್ಲಿಲ್ಲ! ಪುಣ್ಯಕ್ಕೆ ರಾ ಫೈಲು ಅಳಿಸಿಲ್ಲ, ಡೆಲ್ಟಾ ಕಪ್ಪಾ ಎರಡೂ ಅದೇ ಫ್ರೇಮಲ್ಲಿವೆ, ಇವತ್ತೇ ಮತ್ತೆ ಅಳೀತೀನಿ. ಇನ್ನೊಂದು ಗ್ರಹಣ ನಾಳೆ ರಾತ್ರಿ ಹತ್ತು ಇಪ್ಪತ್ತರ ಸುಮಾರಿಗೆ ತಳ ಮುಟ್ಟುತ್ತೆ, ಸಂಜೆಯಿಂದ್ಲೇ ತಾರಸಿಲಿರ್ತೀನಿ, ಏರೋ ಭಾಗಾನೂ ಈ ಸಲ ಸಿಗುತ್ತೆ.