ಸೈಲೆನ್ಸರ್ ಬದಲಾಯಿಸಿದವರು ಹೇಳಿ: ಸದ್ದು ಕೇಳಿ ಆರಿಸುವುದು ಹೇಗೆ?

ಹೊಸ ಟ್ವಿನ್:
ನನ್ನ ಬೈಕ್ ಎರಡು ಸಿಲಿಂಡರ್ ಪಕ್ಕಪಕ್ಕ ಇರುವ, 270 ಡಿಗ್ರಿ ಕ್ರ್ಯಾಂಕ್‌ನ ಪ್ಯಾರಲಲ್ ಟ್ವಿನ್. ಕಂಪನಿ ಸೈಲೆನ್ಸರ್ ಸದ್ದು ತೀರಾ ಸಪ್ಪೆ. ಸ್ಲಿಪ್ ಆನ್ (ಹಿಂದಿನ ಸೈಲೆನ್ಸರ್ ಭಾಗ ಮಾತ್ರ ಬದಲಾಯಿಸುವುದು) ಹಾಕಿಸಬೇಕು ಅಂತಿದ್ದೇನೆ. ದನಿ ಗಡುಸಾಗಿರಬೇಕು, ಆದರೆ ಬೆಳಗಿನ ಜಾವ ಹೊರಟರೆ ಬೀದಿಯೆಲ್ಲ ಏಳಬಾರದು. ಸ್ಟೀಲಾ, ಕಾರ್ಬನ್ನಾ? ಕ್ಯಾನ್, ಅಂದರೆ ಸೈಲೆನ್ಸರ್ ಡಬ್ಬಿ, ಉದ್ದದ್ದಾ, ಗಿಡ್ಡದ್ದಾ? ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಹಾಕಿಸಿದವರು ಅನುಭವ ಹೇಳಿ.

ಟೈಟಾನಿಯಂ ಪ್ರಿಯ:
ಹಾಕಿಸಿ, ಯೋಚನೆ ಬೇಡ. ನನ್ನದು ಇನ್‌ಲೈನ್ ಫೋರ್, ಸಾಲಾಗಿ ನಾಲ್ಕು ಸಿಲಿಂಡರ್. ಸ್ಲಿಪ್ ಆನ್ ಎಲ್ಲ ಅಲ್ಲ, ಎಂಜಿನ್‌ಗೆ ಕೂರುವ ಹೆಡರ್‌ನಿಂದ ತುದಿಯವರೆಗೆ ಪೂರ್ತಿ ಟೈಟಾನಿಯಂ ಸಿಸ್ಟಮ್. ಖರ್ಚು ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ. ಪೈಪ್ ಒಂದೇ ಬೈಕ್ ಬೆಲೆಯ ಕಾಲು ಭಾಗ. ಅದರ ಮೇಲೆ ಹೊಸ ಗ್ಯಾಸ್ಕೆಟ್‌ಗಳು. ಕಂಪನಿ ಪೈಪ್ ಒಳಗಿದ್ದ ವಾಲ್ವ್ ಹೋಯಿತಲ್ಲ, ಡ್ಯಾಶ್‌ನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡಿತು. ಅದನ್ನು ಆರಿಸಲು ಒಂದು ಪುಟ್ಟ ಡಬ್ಬಿ, ಅದಕ್ಕೂ ದುಡ್ಡು. ಆಮೇಲೆ ಎಂಜಿನ್ ಕಂಪ್ಯೂಟರ್‌ನ ಲೆಕ್ಕ ತಿದ್ದುವ ರೀಮ್ಯಾಪ್, ಪವರ್ ಅಳೆಯುವ ಡೈನೋ ಯಂತ್ರದ ಬಾಡಿಗೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೇಳುವುದು ಮ್ಯಾಪ್. ಅದನ್ನು ಹಾಗೇ ಬಿಟ್ಟರೆ ಮಿಶ್ರಣ ಲೀನ್ ಆಗಬಹುದು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಆದರೆ 8,000 ಆರ್‌ಪಿಎಂ ದಾಟಿದ ಮೇಲೆ ಬರುವ ಆ ಚೀರು ಇದೆಯಲ್ಲ! ಹೆಡರ್ ಬೆಂಡ್‌ಗಳು ಕಾದು ಕಾದು ಈಗ ನೀಲಿ, ನೇರಳೆ. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತೇನೆ.

ಒಂಟಿ ಪಿಸ್ಟನ್:
"ಯೋಚನೆ ಬೇಡ" ಅನ್ನುವವರನ್ನು ನಂಬಿಯೇ ನಾನು ಕೈ ಸುಟ್ಟುಕೊಂಡಿದ್ದು. ನನ್ನದು ದೊಡ್ಡ ಸಿಂಗಲ್, ಒಂದೇ ಸಿಲಿಂಡರ್. ವಿಡಿಯೊದಲ್ಲಿ ಗಿಡ್ಡ ಕ್ಯಾನ್ ಒಂದು ಡುಗ್ ಡುಗ್ ಅಂತ ಎಷ್ಟು ಹಿತವಾಗಿತ್ತು ಅಂದರೆ, ಅವತ್ತೇ ಆರ್ಡರ್. ಫೋನಿನ ಮೈಕ್ ಜೋರು ಸದ್ದನ್ನು ತಾನೇ ತಗ್ಗಿಸುತ್ತದೆ, ಸಣ್ಣದನ್ನು ಏರಿಸುತ್ತದೆ. ಅದಕ್ಕೇ ವಿಡಿಯೊದಲ್ಲಿ ಎಲ್ಲ ಪೈಪೂ ಒಂದೇ ಮಟ್ಟದಲ್ಲಿ, ಚೆಂದವಾಗಿ ಕೇಳಿಸುತ್ತದೆ. ಮೈಕ್ ಇರುವುದು ಬೈಕಿನ ಹಿಂದೆ, ನಾವು ಕೂರುವುದು ಮೇಲೆ. ಇದನ್ನು ಯಾರೂ ಹೇಳಲಿಲ್ಲ.

"ಕ್ಯಾನ್ ಜೊತೆ ಬೆಂಡ್ ಪೈಪೂ ಹಾಕಿಸಿ, ಪಿಕಪ್ ಬರುತ್ತದೆ" ಅಂದ ಅಂಗಡಿಯವನು. ಹಳೇ ನಟ್ ತುಕ್ಕು ಹಿಡಿದು ಕೂತಿತ್ತು. ಬಿಚ್ಚುವ ಹುಡುಗ ಸ್ಪ್ಯಾನರ್ ಮೇಲೆ ಭಾರ ಬಿಟ್ಟ. ಟಕ್! ಪೈಪನ್ನು ಎಂಜಿನ್ ಹೆಡ್‌ಗೆ ಹಿಡಿದಿಡುವ ಸ್ಟಡ್ (ಬೋಲ್ಟ್‌ನಂಥ ಕಡ್ಡಿ) ಹೆಡ್‌ನ ಮಟ್ಟಕ್ಕೇ ಮುರಿಯಿತು. ಮೊದಲು ತುಕ್ಕು ಬಿಡಿಸುವ ಎಣ್ಣೆ, ರಾತ್ರಿಯೆಲ್ಲ ನೆನೆಹಾಕಿ. ಬರಲಿಲ್ಲ. ಆಮೇಲೆ ಮುರಿದ ತುದಿಗೆ ನಟ್ ವೆಲ್ಡ್ ಮಾಡಿ ತಿರುಗಿಸಿದರು. ವೆಲ್ಡೇ ಕಿತ್ತು ಬಂತು. ಕೊನೆಗೆ ಹೆಡ್ ಇಳಿಸಿ, ಡ್ರಿಲ್ ಮಾಡಿ, ಹೊಸ ಥ್ರೆಡ್ ಹಾಕಿಸಿದ್ದು. ಹೆಡ್ ಇಳಿಸಿದ ಮೇಲೆ ಕೇಳಬೇಕೆ? ಹೆಡ್ ಗ್ಯಾಸ್ಕೆಟ್ ಹೊಸದು, ಕೂಲೆಂಟ್ ಹೊಸದು, ಆಯಿಲ್ ಹೊಸದು. ಒಟ್ಟು ಖರ್ಚು ಸೈಲೆನ್ಸರ್‌ಗಿಂತ ಜಾಸ್ತಿ.

ಅಷ್ಟಾಗಿ ಸಿಕ್ಕಿದ್ದೇನು? 4,000 ಆರ್‌ಪಿಎಂನಲ್ಲಿ ಸಿಂಗಲ್ ಸೆಕೆಂಡಿಗೆ ಸುಮಾರು 33 ಸಲ ಸಿಡಿಯುತ್ತದೆ. ನಾನು ಹೈವೇಯಲ್ಲಿ ಓಡಿಸುವುದೂ ಅದೇ ಆರ್‌ಪಿಎಂನಲ್ಲಿ. ಹೆಲ್ಮೆಟ್ ಒಳಗೆ ಬರೀ "ಊಂ" ಅನ್ನುವ ಗುಂಯ್‌ಗಾಟ. ಊರು ಮುಟ್ಟುವ ಹೊತ್ತಿಗೆ ತಲೆನೋವು. ಸಾಲದ್ದಕ್ಕೆ ಕ್ಯಾನ್ ಒಳಗೆ ಸದ್ದು ಹೀರುವ ಗ್ಲಾಸ್ ವೂಲ್ ಬೇಗ ಸುಟ್ಟುಹೋಗಿ ಸದ್ದು ಇನ್ನೂ ಒರಟಾಯಿತು.

ಗ್ಯಾರೇಜ್ ಹುಳ:
ಸ್ಟಡ್ ಮುರಿದರೆ ಅದು ಸೈಲೆನ್ಸರ್ ತಪ್ಪೇ ಸ್ವಾಮಿ? ಗ್ಲಾಸ್ ವೂಲ್ ಸವೆಯುವ ಮಾಲು, ಕಾಲಕಾಲಕ್ಕೆ ರೀಪ್ಯಾಕ್ ಮಾಡಬೇಕು. ರಿವೆಟ್ ಕೊರೆದು ತೆಗೆದು, ತೂತಿನ ಪೈಪ್ ಸುತ್ತ ಹೊಸ ವೂಲ್ ಬಿಗಿಯಾಗಿ ಸುತ್ತಿದರೆ ಮುಗಿಯಿತು. ನಾನು ಮನೆಯಲ್ಲೇ ಮಾಡುತ್ತೇನೆ. ಗ್ಲೌಸ್, ಮಾಸ್ಕ್ ಎರಡೂ ಹಾಕಿಕೊಳ್ಳಿ, ಇಲ್ಲದಿದ್ದರೆ ಕೈಯೆಲ್ಲ ತುರಿಕೆ.

ಕೇಳಿದವರಿಗೆ ಒಂದು ಮಾತು. ನಿಮ್ಮ ಟ್ವಿನ್‌ನಲ್ಲಿ ಒಂದು ಸಿಡಿತಕ್ಕೂ ಮುಂದಿನದಕ್ಕೂ ನಡುವೆ ಕ್ರ್ಯಾಂಕ್ ತಿರುಗುವುದು 270 ಡಿಗ್ರಿ, ಆಮೇಲೆ 450. 90 ಡಿಗ್ರಿ ವಿ ಟ್ವಿನ್‌ನದೂ ಇದೇ ಲೆಕ್ಕ. ಆ ತಾಳ ಬರುವುದು ಕ್ರ್ಯಾಂಕ್‌ನಿಂದ. ಸೈಲೆನ್ಸರ್ ಅದನ್ನು ಸೋಸುತ್ತದೆ ಅಷ್ಟೆ.

ನನ್ನ ವಿ ಟ್ವಿನ್‌ಗೆ ಪೈಪ್ ಹಾಕಿದಾಗ ಥ್ರಾಟಲ್ ಬಿಟ್ಟರೆ ಸಾಕು, ಪಟ ಪಟ ಪಟಾರ್! ಟ್ಯೂನಿಂಗ್ ಸರಿಯಿಲ್ಲ, ಮ್ಯಾಪ್ ಕೊಳ್ಳಿ ಅಂತ ಎಲ್ಲರೂ ದುಂಬಾಲು ಬಿದ್ದರು. ನೋಡಿದರೆ ಜಾಯಿಂಟ್‌ನಲ್ಲಿ ಸಣ್ಣ ಲೀಕ್. ಹೊರಗಿನ ಗಾಳಿ ಒಳಗೆ ಹೋಗಿ, ಸುಡದೆ ಉಳಿದ ಪೆಟ್ರೋಲ್ ಪೈಪ್‌ನಲ್ಲೇ ಹತ್ತಿಕೊಳ್ಳುತ್ತಿತ್ತು. ಒಂದು ಗ್ಯಾಸ್ಕೆಟ್, ಒಂದು ಕ್ಲ್ಯಾಂಪ್. ಮ್ಯಾಪ್ ಮಾರುವವರು ಇದನ್ನು ಹೇಳುತ್ತಾರಾ?

ಟೈಟಾನಿಯಂ ಪ್ರಿಯ:
ಮ್ಯಾಪ್ ಸುಮ್ನೆ ಅನ್ನುತ್ತಿದ್ದೀರಾ? ಸ್ಲಿಪ್ ಆನ್‌ಗೆ ಬೇಡದಿರಬಹುದು. ಫುಲ್ ಸಿಸ್ಟಮ್ ಹಾಕಿದವರ ಮುಂದೆ ಈ ಪಾಠ ಬೇಡ.

ಗ್ಯಾರೇಜ್ ಹುಳ:
ಅವರು ಕೇಳಿದ್ದೇ ಸ್ಲಿಪ್ ಆನ್. ಪ್ರಶ್ನೆ ಓದಿದ್ದೀರಾ?

ಸ್ಟಾಕ್ ಸಾಕು:
ನಾನು ಹಾಕಿಸಿ, ತೆಗೆಸಿ, ಕಂಪನಿಯದ್ದೇ ಮತ್ತೆ ಹಾಕಿದವನು. ಹೊಸದನ್ನು ಕೊಂಡ ಅರ್ಧ ಬೆಲೆಗೂ ಯಾರೂ ಕೇಳಲಿಲ್ಲ, ಅಟ್ಟದ ಮೇಲಿದೆ. ಡಬ್ಬಿಯ ಮೇಲಿನ ಡೆಸಿಬೆಲ್ ಸಂಖ್ಯೆ ನೋಡಿ ಮೋಸ ಹೋಗಬೇಡಿ. ನಿಂತ ಬೈಕಿನ ಪರೀಕ್ಷೆಯಲ್ಲಿ ಮೈಕ್ ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಇರುತ್ತದೆ. ಓಡುವ ಬೈಕಿನದರಲ್ಲಿ 7.5 ಮೀಟರ್ ದೂರ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸಿ "ನನ್ನದು ಕಡಿಮೆ" ಅನ್ನುವವರು ತುಂಬಾ ಜನ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. ನನ್ನ ಪಕ್ಕದ ಮನೆಯಲ್ಲಿ ಹಸುಗೂಸಿತ್ತು. ಅದರ ತಾಯಿ ಬೈಯಲಿಲ್ಲ, ಮಾತು ಬಿಟ್ಟರು.

ಗುಡುಗು:
ಸದ್ದಿದ್ದರೇ ಜೀವ ಉಳಿಯುವುದು. ನನ್ನ ಪೈಪ್ ಕೇಳಿ ಕಾರಿನವರು ತಾವೇ ದಾರಿ ಬಿಡುತ್ತಾರೆ. ಪೈಪಿನ ಬಾಯಲ್ಲಿ ಸದ್ದು ತಗ್ಗಿಸಲು ಕೂರಿಸಿದ್ದ ಡಿಬಿ ಕಿಲ್ಲರ್ ತೆಗೆದು ಎಲ್ಲೋ ಎಸೆದಿದ್ದೇನೆ. ಹಾರ್ಲೆ ಕಂಪನಿ 1994ರಲ್ಲಿ ತನ್ನ ಎಂಜಿನ್ ಸದ್ದಿಗೇ ಟ್ರೇಡ್‌ಮಾರ್ಕ್ ಕೇಳಿತ್ತು, ಗೊತ್ತಾ? ಬೈಕ್ ಅಂದರೆ ಸದ್ದು.

ಸ್ಟಾಕ್ ಸಾಕು:
2000ದಲ್ಲಿ ಆ ಅರ್ಜಿ ವಾಪಸ್ ತೆಗೆದುಕೊಂಡಿತು, ಅದನ್ನೂ ಹೇಳಿ. ಪೈಪಿನ ಬಾಯಿ ಇರುವುದು ಹಿಂದಕ್ಕೆ. ಅಡ್ಡ ಬರುವ ಕಾರು ಇರುವುದು ಮುಂದೆ, ಗಾಜು ಏರಿಸಿ ಹಾಡು ಹಾಕಿಕೊಂಡು. ಅವರಿಗೆ ಕೇಳಿಸುವ ಹೊತ್ತಿಗೆ ನೀವು ಡಿಕ್ಕಿಯಲ್ಲಿರುತ್ತೀರಿ.

ಗುಡುಗು:
ನೀವು ಸ್ಕೂಟರ್ ತಗೊಳ್ಳಿ ಸಾರ್.

ಒಂಟಿ ಪಿಸ್ಟನ್:
ಡಿಬಿ ಕಿಲ್ಲರ್ ತೆಗೆದು ನಾನೂ ನೋಡಿದ್ದೇನೆ. ಕೆಳ ಆರ್‌ಪಿಎಂನ ಎಳೆತ ಸತ್ತುಹೋಯಿತು. ಸದ್ದು ಜೋರಾದರೆ ಬೈಕ್ ವೇಗವಾದ ಹಾಗೆ ಅನ್ನಿಸುತ್ತದೆ, ಅಷ್ಟೇ. ಇನ್ನು ಕಿವಿ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಸರಿ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತದೆ. 100ಕ್ಕೆ ಕಾಲು ಗಂಟೆ. ಹೈವೇಯಲ್ಲಿ ಹೆಲ್ಮೆಟ್‌ಗೆ ಹೊಡೆಯುವ ಗಾಳಿಯ ಸದ್ದೇ ಕಿವಿಗೆ ಸಾಕಷ್ಟು. ಅದರ ಮೇಲೆ ನಿಮ್ಮ ಗುಡುಗು.

ಗುಡುಗು:
ಹೆಡ್ ಇಳಿಸಿಕೊಂಡು ಕೂತವರು ನನಗೆ ಬುದ್ಧಿ ಹೇಳಬೇಡಿ.

ಹೊಸ ಟ್ವಿನ್:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ... ಉದ್ದದ್ದಾ, ಗಿಡ್ಡದ್ದಾ?

ಗ್ಯಾರೇಜ್ ಹುಳ:
ಉದ್ದದ್ದು, ಸ್ಟೀಲ್. ವೂಲ್‌ಗೆ ಜಾಗ ಜಾಸ್ತಿ, ಸದ್ದು ಮೃದು. ಡಿಬಿ ಕಿಲ್ಲರ್ ಬಿಚ್ಚಬೇಡಿ. ಯಾರದಾದರೂ ಬೈಕ್‌ನಲ್ಲಿ ಅದೇ ಪೈಪ್ ಇದ್ದರೆ ನಿಂತು ಕೇಳಬೇಡಿ, ನೀವು ದಿನಾ ಹೋಗುವ ಸ್ಪೀಡಿನಲ್ಲಿ ಓಡಿಸಿ ಕೇಳಿ. ಅಂದಹಾಗೆ ಸೆಂಟರ್ ಸ್ಟ್ಯಾಂಡ್ ಇದೆಯಾ? ಎಷ್ಟೋ ಬೈಕ್‌ಗಳಲ್ಲಿ ಅದನ್ನು ತಡೆಯುವ ರಬ್ಬರ್ ಕಂಪನಿ ಪೈಪ್ ಮೇಲೇ ಇರುತ್ತದೆ. ಹೊಸ ಪೈಪ್‌ನಲ್ಲಿ ಅದು ಇಲ್ಲದಿದ್ದರೆ ಸ್ಟ್ಯಾಂಡ್ ಮೇಲೆದ್ದು ಚೈನ್‌ಗೋ ಪೈಪ್‌ಗೋ ಬಡಿಯುತ್ತದೆ.

ಟೈಟಾನಿಯಂ ಪ್ರಿಯ:
ಸ್ಟೀಲ್ ಅಂತೆ. ತೂಕ ಯಾರು ಹೊರುತ್ತಾರೆ?